ಸಂಖ್ಯೆ ಒಂದೇ, ಅಳತೆ ಒಂದೇ ಅಲ್ಲ

ಆರನೆಯ ವಯಸ್ಸಿನ ಸುಮಾರಿಗೆ ಮಕ್ಕಳ ಬಾಯಿಯಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಯಾವ ಹಲ್ಲೂ ಉದುರದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಬಗೆದು, ಹುಳುಕು ಹಿಡಿದರೂ ಅಲಕ್ಷಿಸುವ ಮನೆಗಳುಂಟು. ಆದರೆ ಅದು ಶಾಶ್ವತ ಹಲ್ಲು. ಹೋದರೆ ಮತ್ತೆ ಹುಟ್ಟದು. ಹುಳುಕು ತಿರುಳನ್ನು ಕೆಡಿಸಿದಾಗ, ಬೇರು ಪೂರ್ಣವಾಗಿ ಬೆಳೆದಿದ್ದರೆ, ಅದನ್ನು ಉಳಿಸಿಕೊಳ್ಳುವ ರೂಢಿಯ ಮಾರ್ಗವೇ ರೂಟ್ ಕೆನಾಲ್ ಚಿಕಿತ್ಸೆ.

ಈ ಚಿಕಿತ್ಸೆಯಲ್ಲಿ ವೈದ್ಯರು ಫೈಲ್ ಎಂಬ ಸೂಜಿಯಂಥ ಉಪಕರಣದಿಂದ ಬೇರಿನ ನಾಳವನ್ನು ಶುಚಿಗೊಳಿಸಿ, ಗಟಾಪರ್ಚಾ ಕಡ್ಡಿಯನ್ನು ಅಂಟುಲೇಪದೊಡನೆ ತುಂಬುತ್ತಾರೆ. ಗಟಾಪರ್ಚಾ ಮಲಯ ನಾಡಿನ ಮರವೊಂದರ ಹಾಲಿನಿಂದ ದೊರೆಯುವ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಡಿಯ ತಂತಿಗಳಿಗೆ ಹೊದಿಕೆಯಾದುದೂ ಇದೇ. ಹಲ್ಲಿನ ಕಡ್ಡಿಯಲ್ಲಿ ಇದರ ಪಾಲು ಸುಮಾರು ಐದರಲ್ಲೊಂದು. ಹೆಚ್ಚಿನ ಭಾಗ ಜಿಂಕ್ ಆಕ್ಸೈಡ್.

ಹಿಂದೆ ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆಯಾಗಿತ್ತು. ಅಮೆರಿಕದ ದಂತವೈದ್ಯ ಜಾನ್ ಇಂಗಲ್ ಮೊದಲಾದವರು 1950ರ ದಶಕದಲ್ಲಿ ಏಕರೂಪದ ಅಳತೆಗಾಗಿ ವಾದಿಸಿದರು. ಅದರ ಫಲವಾದ ಇಂದಿನ ಲೆಕ್ಕ ಶಾಲೆಯ ದಶಮಾಂಶದಷ್ಟೇ ಸರಳ: 25ನೆಯ ಸಂಖ್ಯೆಯೆಂದರೆ ತುದಿಯ ವ್ಯಾಸ 0.25 ಮಿಲಿಮೀಟರ್. ಸಾಮಾನ್ಯ ಕಡ್ಡಿ ತುದಿಯಿಂದ ಮೇಲಕ್ಕೆ ಪ್ರತಿ ಮಿಲಿಮೀಟರಿಗೆ 0.02ರಷ್ಟು ದಪ್ಪವಾಗುತ್ತದೆ, 16 ಮಿಲಿಮೀಟರ್ ಮೇಲೆ ಅದು 0.57.

ಆದರೆ ಮೆತುವಾದ ಕಡ್ಡಿಯನ್ನು ಉಕ್ಕಿನಷ್ಟು ನಿಖರವಾಗಿ ರೂಪಿಸುವುದು ಕಷ್ಟ. ಸಣ್ಣ ಫೈಲಿಗೆ 0.02 ಮಿಲಿಮೀಟರ್ ಹೆಚ್ಚುಕಡಿಮೆಯನ್ನು ಒಪ್ಪುವ ಮಾನದಂಡ, ಸಣ್ಣ ಕಡ್ಡಿಗೆ 0.05ರಷ್ಟನ್ನು ಒಪ್ಪುತ್ತದೆ. ಅಂದರೆ 25ರ ಕಡ್ಡಿಯ ತುದಿ 0.20 ಇರಬಹುದು, 0.30 ಕೂಡ ಇರಬಹುದು. ದಪ್ಪವಾದರೆ ಅದು ನಾಳದ ತುದಿಯನ್ನು ಮುಟ್ಟದು. ತೆಳುವಾದರೆ ಸುತ್ತಲೂ ಎಡೆಯುಳಿಯುತ್ತದೆ, ಇಲ್ಲವೇ ಬೇರನ್ನು ದಾಟಿ ಹೊರಚಾಚುತ್ತದೆ. ಎಡೆಯನ್ನು ಅಂಟುಲೇಪ ತುಂಬುವುದಾದರೂ, ಎಷ್ಟೋ ಲೇಪಗಳು ಕಾಲಾಂತರದಲ್ಲಿ ಕರಗುತ್ತವೆ. ಆ ಸಂದಿನಲ್ಲಿ ರೋಗಾಣುಗಳು ಮರಳಿ ನೆಲೆಸಿದರೆ ಮಾಡಿದ ಚಿಕಿತ್ಸೆ ವ್ಯರ್ಥ.

ಆದುದರಿಂದಲೇ ನುರಿತ ವೈದ್ಯರು ಡಬ್ಬಿಯ ಮೇಲಿನ ಸಂಖ್ಯೆಯೊಂದನ್ನೇ ನಂಬುವುದಿಲ್ಲ. ಅಳತೆಯ ರಂಧ್ರಗಳುಳ್ಳ ಪಟ್ಟಿಯಲ್ಲಿ ಕಡ್ಡಿಯನ್ನು ತೂರಿಸಿ, ಹೆಚ್ಚಾದ ತುದಿಯನ್ನು ಕತ್ತರಿಸುತ್ತಾರೆ. ನಾಳದಲ್ಲಿಟ್ಟು ಮೆಲ್ಲನೆ ಎಳೆದಾಗ ತುಸು ಬಿಗಿ ತೋರುವುದೇ ಎಂದು ಪರೀಕ್ಷಿಸಿ, ಎಕ್ಸ್‌ರೇ ತೆಗೆಯುತ್ತಾರೆ. ಕಾದು ಕುಳಿತ ಪೋಷಕರಿಗೆ ಇದು ವಿಳಂಬವೆಂದು ತೋರಬಹುದು. ಹಲ್ಲಿನ ಆಯುಷ್ಯ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಎಚ್ಚರಿಕೆಯಲ್ಲಿ.

ತುಂಬಿದ ಬಳಿಕ ತೆಗೆದ ಚಿತ್ರವನ್ನು ತೋರಿಸಿರೆಂದು ಕೇಳಲು ಪೋಷಕರು ಸಂಕೋಚಪಡಬೇಕಾಗಿಲ್ಲ. ಬೇರಿನೊಳಗಿನ ಬಿಳಿಯ ಗೆರೆ ನಡುವೆ ಎಡೆಯಿಲ್ಲದೆ ಸಾಗಿ, ತುದಿಗಿಂತ ಎರಡು ಮಿಲಿಮೀಟರಿನ ಒಳಗೆ, ಹೊರಚಾಚದೆ ನಿಂತಿರಬೇಕು. ಚಿಕಿತ್ಸಾಲಯದ ಮಾತು ಮಲಯಾಳವಾದರೂ ಆ ಗೆರೆಯನ್ನು ಕನ್ನಡದ ಕಣ್ಣೂ ಓದಬಲ್ಲುದು.