ಬಯಲಿಗೆ ಬೇಲಿ

ಬೆಂಗಳೂರಿನ ನಮ್ಮ ಬಡಾವಣೆಯ ಆಟದ ಮೈದಾನವನ್ನು ಸುತ್ತಮುತ್ತಲಿನವರು ಇಂದಿಗೂ ‘ಬಯಲು’ ಎಂದೇ ಕರೆಯುವುದು ರೂಢಿ. ಮಳೆ ನಿಂತ ಮರುದಿನ ಕೆಮ್ಮಣ್ಣಿನ ಕೆಸರು, ಬೇಸಗೆಯಲ್ಲಿ ಧೂಳು, ವರ್ಷವೆಲ್ಲ ಮಕ್ಕಳ ಗದ್ದಲ, ಇವಿಷ್ಟೇ ಅದರ ಸಂಪತ್ತು. ಕಳೆದ ಬೇಸಗೆಯಲ್ಲಿ ಅದರ ಅರ್ಧಭಾಗಕ್ಕೆ ಹಸಿರು ಬಲೆಯನ್ನು ಎತ್ತರಕ್ಕೆ ಬಿಗಿದು, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲನ್ನು ಹಾಸಿ, ಮೂಲೆಮೂಲೆಗೂ ದೀಪದ ಕಂಬಗಳನ್ನು ನೆಟ್ಟು, ಗಂಟೆಗೆ ಇಷ್ಟು ರೂಪಾಯಿ ಎಂದು ಬರೆದ ಫಲಕವನ್ನು ಬಾಗಿಲಿಗೆ ತೂಗುಹಾಕಿದರು. ಒಂದು ಸಂಜೆ ನಾನು ಅಲ್ಲಿ ಹಾದುಹೋಗುತ್ತಿದ್ದಾಗ ಐದಾರು ಹುಡುಗರು ಬಲೆಗೆ ಮುಖವೊತ್ತಿ ನಿಂತಿದ್ದರು. ಒಬ್ಬನ ಕಂಕುಳಲ್ಲಿ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಬ್ಯಾಟು. “ಯಾರೂ ಆಡ್ತಿಲ್ವಲ್ಲ ಅಣ್ಣ, ಎರಡೇ ಓವರ್ ಆಡ್ಕೊಂಡು ಹೋಗ್ತೀವಿ” ಎಂದು ಅವನು ಕಾವಲುಗಾರನನ್ನು ಬೇಡಿಕೊಂಡ. “ದುಡ್ಡು ಕಟ್ಟಿ ಬನ್ರಪ್ಪ, ಬಿಟ್ರೆ ನನ್ನ ಕೆಲಸ ಹೋಗುತ್ತೆ” ಎಂದು ಆ ಕಾವಲುಗಾರ ತಗ್ಗಿದ ಸ್ವರದಲ್ಲಿ ಹೇಳಿದ. ಅವನಲ್ಲಿ ಕಾಠಿಣ್ಯವಿರಲಿಲ್ಲ, ಅವನಿಗೂ ಆ ವಯಸ್ಸಿನ ಮಕ್ಕಳಿದ್ದಿರಬಹುದು.

ಶುಲ್ಕವೆಂಬುದೇ ಅನ್ಯಾಯವೆಂದು ನಾನು ಹೇಳಲಾರೆ. ಈಜುಕೊಳದ ನೀರನ್ನು ಶುದ್ಧಿಮಾಡಬೇಕು, ಮುಳುಗುವವರನ್ನು ಎತ್ತಲು ಆಳಿರಬೇಕು, ಒಳಾಂಗಣದ ದೀಪಗಳಿಗೆ ವಿದ್ಯುತ್ತು ಬೇಕು. ಇವೆಲ್ಲಕ್ಕೂ ತಗಲುವ ವೆಚ್ಚದಲ್ಲಿ ಒಂದಂಶವನ್ನು ಬಳಸುವವರು ಭರಿಸುವುದು ಯುಕ್ತವೇ ಆಗಿದೆ. ಲಾಲ್‌ಬಾಗಿನಲ್ಲಿ ನೋಡಲು ಬರುವ ಪ್ರವಾಸಿಗೆ ಟಿಕೆಟ್ಟುಂಟು. ಮುಂಜಾನೆ ಸಂಚಾರಕ್ಕೆಂದು ಬರುವ ನೆರೆಹೊರೆಯವರಿಗೆ ಇಲ್ಲ. ಕಬ್ಬನ್ ಪಾರ್ಕಿನ ಬಾಗಿಲುಗಳಲ್ಲಿ ನಡೆದಾಡಲು ಬಂದವರನ್ನು ಟಿಕೆಟ್ಟು ಕೇಳುವವರೇ ಇಲ್ಲ. ದೂರದಿಂದ ಒಂದು ದಿನ ಬಂದು ಹೋಗುವವನ ಕುತೂಹಲಕ್ಕೂ ಪಕ್ಕದ ಬೀದಿಯವನ ನಿತ್ಯದ ಅಗತ್ಯಕ್ಕೂ ಭೇದವಿದೆಯೆಂಬ ತಿಳಿವು ಈ ಎರಡು ಉದ್ಯಾನಗಳ ವ್ಯವಸ್ಥೆಯಲ್ಲಿ ಇದೆ. ನಮ್ಮ ಬಯಲಿನ ಬಾಗಿಲಲ್ಲಿ ಮರೆತುಹೋದದ್ದು ಈ ಭೇದವೇ. ಬರಿಗಾಲಿನಲ್ಲಿ ಓಡುವುದಕ್ಕೆ ನೆಲವಲ್ಲದೆ ಬೇರೇನೂ ಬೇಡದ ಮಗುವಿನಿಂದ ಆ ನೆಲಕ್ಕೆ ಬಾಡಿಗೆ ಕೇಳಿದಾಗ, ಶುಲ್ಕವು ವೆಚ್ಚದ ಭಾಗವಾಗಿ ಉಳಿಯದೆ ಹೊರದೂಡುವ ಕೈಯಾಗುತ್ತದೆ.

ಅಷ್ಟಕ್ಕೂ ಆ ನೆಲದ ಬೆಲೆಯನ್ನು ತೆತ್ತವರು ಯಾರು? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಪ್ರಾಧಿಕಾರವು ರಚಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡ 15ಕ್ಕೆ ಕಡಮೆಯಿಲ್ಲದಷ್ಟನ್ನು ಉದ್ಯಾನಗಳಿಗೂ ಆಟದ ಮೈದಾನಗಳಿಗೂ, ಅದರ ಮೇಲೆ ಶೇಕಡ 10ಕ್ಕೆ ಕಡಮೆಯಿಲ್ಲದಷ್ಟನ್ನು ನಾಗರಿಕ ಸೌಕರ್ಯಗಳಿಗೂ ಮೀಸಲಿಡತಕ್ಕದ್ದು. ಈ ಮೀಸಲು ನೆಲವನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದಕ್ಕೆ ತಗಲಿದ ವೆಚ್ಚವು ನಿವೇಶನಗಳ ಬೆಲೆಯಲ್ಲಿಯೇ ಹಂಚಿಕೆಯಾಗಿ ಸೇರಿರುತ್ತದೆ. ಮೂವತ್ತು ನಲವತ್ತು ಅಡಿಯ ನಿವೇಶನಕ್ಕೆ ಸಾಲಮಾಡಿ ಕಂತು ಕಟ್ಟಿದ ಗುಮಾಸ್ತನೂ ಉಪಾಧ್ಯಾಯನೂ ತನ್ನ ಮನೆಯ ನೆಲದೊಡನೆ ಬೀದಿಯ ಕೊನೆಯ ಬಯಲಿನ ಒಂದು ತುಣುಕಿಗೂ ಹಣ ತೆತ್ತಿದ್ದಾನೆ. ಅದೇ ಬಯಲಿಗೆ ಅವನ ಮೊಮ್ಮಗ ಗಂಟೆಯ ಲೆಕ್ಕದಲ್ಲಿ ಮತ್ತೆ ಹಣ ಕೊಡಬೇಕಾಗಿದೆ. ಹಾಗೆಂದು ಬಯಲು ನಿವೇಶನವಂತರ ಸೊತ್ತೂ ಅಲ್ಲ. ಮೀಸಲಾದ ಕ್ಷಣದಿಂದ ಅದು ಆ ಬೀದಿಗಳಲ್ಲಿ ಬಾಡಿಗೆಗಿರುವವರದು, ಪಾತ್ರೆ ತೊಳೆಯಲು ಬರುವ ತಾಯಿಯ ಹಿಂದೆ ಬರುವ ಮಗುವಿನದು.

ಬಯಲು ಕೈತಪ್ಪುವುದು ಶುಲ್ಕದಿಂದ ಮಾತ್ರವಲ್ಲ. ಶುಲ್ಕವನ್ನು ಇಂದು ವಿಧಿಸಿದವರು ನಾಳೆ ರದ್ದುಮಾಡಬಲ್ಲರು. ಆದರೆ ಭೂ ಉಪಯೋಗ ಬದಲಾವಣೆಯಾಗಿ ಕಟ್ಟಡವೆದ್ದ ಮೇಲೆ ಅದನ್ನು ಕೆಡವಿ ಮಣ್ಣನ್ನು ಮಕ್ಕಳಿಗೆ ಮರಳಿಸಿದ ನಿದರ್ಶನ ವಿರಳ. ಆದುದರಿಂದಲೇ ರಾಜಮಹಲ್ ವಿಲಾಸ ಬಡಾವಣೆಯ ನಿವಾಸಿಗಳು ನಡೆಸಿದ ಹೋರಾಟವನ್ನು ಈ ಊರಿನ ಪ್ರತಿಯೊಂದು ಬಡಾವಣೆಯೂ ಸ್ಮರಿಸಬೇಕೆಂದು ನನ್ನ ಭಾವನೆ. ಮಂಜೂರಾದ ಯೋಜನೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಹಂಚಿಕೊಡಲಾಯಿತು. ಚಿಕಿತ್ಸಾಲಯವೂ ಲೋಕೋಪಯೋಗಿಯೇ ಅಲ್ಲವೆ ಎಂಬ ವಾದ ಕೇಳಲು ಸೊಗಸಾಗಿತ್ತು. ಬಿ.ಎಸ್. ಮುದ್ದಪ್ಪನವರೂ ಇತರ ನಿವಾಸಿಗಳೂ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಮೇಲ್ಮನವಿ ಸಲ್ಲಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೊಚ್ಚು ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರು ಆ ಮೇಲ್ಮನವಿಯನ್ನು ವಜಾಮಾಡಿ, ಸಾರ್ವಜನಿಕ ಉದ್ಯಾನವೆಂದು ಮೀಸಲಾದ ಭೂಮಿಯನ್ನು ಖಾಸಗಿಯವರಿಗೆ ಹಂಚುವ ಅಧಿಕಾರ ಸರ್ಕಾರಕ್ಕಾಗಲಿ ಪ್ರಾಧಿಕಾರಕ್ಕಾಗಲಿ ಇಲ್ಲವೆಂದೂ, ಅದನ್ನು ಪ್ರಶ್ನಿಸಲು ಆ ಬಡಾವಣೆಯ ನಿವಾಸಿಯಾಗಿರುವುದೇ ಸಾಕಷ್ಟು ಅರ್ಹತೆಯೆಂದೂ ತೀರ್ಪಿತ್ತರು. ನ್ಯಾಯ ದೊರಕಿತು, ನಿಜ. ಆದರೆ ಹಂಚಿಕೆಯಾದ ವರ್ಷ ಐದು ತುಂಬಿದ್ದ ಮಗುವಿಗೆ ತೀರ್ಪು ಬಂದಾಗ ಇಪ್ಪತ್ತು. ಉಯ್ಯಾಲೆಯ ಪ್ರಾಯ ನ್ಯಾಯಾಲಯದ ದಿನಾಂಕಗಳಿಗಾಗಿ ಕಾದಿರುವುದಿಲ್ಲ.

ಭೂ ಉಪಯೋಗವನ್ನು ಬದಲಿಸುವುದಕ್ಕೆ ಇಂದು ನಿಯಮವಿಲ್ಲವೆಂದಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕರಣವು ಪ್ರಸ್ತಾವನೆಯನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳಿಗೆ ಹದಿನೈದು ದಿನಗಳಿಗೆ ಕಡಮೆಯಿಲ್ಲದಷ್ಟು ಅವಕಾಶ ಕೊಡಬೇಕೆನ್ನುತ್ತದೆ. ಆದರೆ ಸಾಮಾನ್ಯವಾಗಿ ಆ ಪ್ರಕಟಣೆಯ ಸ್ವರೂಪವೇನು? ಒಳಪುಟದ ಒಂದು ಮೂಲೆಯಲ್ಲಿ, ಕನ್ನಡಕವನ್ನು ಒರೆಸಿಕೊಂಡು ಓದಬೇಕಾದ ಅಕ್ಷರಗಳಲ್ಲಿ, ಸರ್ವೆ ನಂಬರು, ಎಕರೆ ಗುಂಟೆ, ‘ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ’ ಎಂಬ ಒಂದೂವರೆ ಸಾಲು. ‘ನಿಮ್ಮ ಹಾಲಿನ ಬೂತಿನ ಹಿಂದಿನ ಜಾಗ’ ಎಂದು ಬರೆದಿದ್ದರೆ ಎದ್ದು ಬರುವ ಜನ, ಸರ್ವೆ ನಂಬರನ್ನು ಕಂಡು ಪುಟ ಮಗುಚುತ್ತಾರೆ. ಮೈದಾನಕ್ಕೆ ದರ ಗೊತ್ತುಪಡಿಸುವಾಗಲಂತೂ ನಮ್ಮ ಬೀದಿಯವರ ಕಣ್ಣಿಗೆ ಅಷ್ಟು ಪ್ರಕಟಣೆಯೂ ಬೀಳಲಿಲ್ಲ.

ಈ ನಿರ್ಣಯಗಳನ್ನು ಕೈಗೊಳ್ಳುವ ಸ್ಥಾನದಲ್ಲಿ ಜನರು ಆರಿಸಿದ ಪರಿಷತ್ತು ಇರಬೇಕೆಂಬುದು ಸಂವಿಧಾನದ ಆಶಯ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಿದೆ; ನಗರಯೋಜನೆ ಮೊದಲನೆಯದು, ಭೂ ಉಪಯೋಗದ ನಿಯಂತ್ರಣ ಎರಡನೆಯದು, ಉದ್ಯಾನ ಮತ್ತು ಆಟದ ಮೈದಾನಗಳು ಹನ್ನೆರಡನೆಯದು. ಬೆಂಗಳೂರಿನಲ್ಲಾದರೋ ಯೋಜನೆಯ ಅಧಿಕಾರವು ಬಹುಕಾಲ ಪ್ರಾಧಿಕಾರದ ಕೈಯಲ್ಲಿಯೇ ಉಳಿಯಿತು. ಇನ್ನು ಪಾಲಿಕೆಯ ವಿಚಾರ: 198 ವಾರ್ಡುಗಳ ಚುನಾಯಿತ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ತರುವಾಯ, 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯುವವರೆಗೂ, ಆಡಳಿತಾಧಿಕಾರಿಗಳ ಸಹಿಯಿಂದಲೇ ಆಡಳಿತ ನಡೆಯಿತು. ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಕಾರ್ಪೊರೇಟರನ್ನು ಬೆಳಗಿನ ಹಾಲಿನ ಬೂತಿನಲ್ಲಿಯೋ ಗಣೇಶನ ಪೆಂಡಾಲಿನಲ್ಲಿಯೋ ತಡೆದು ನಿಲ್ಲಿಸಿ, “ಏನ್ ಸ್ವಾಮಿ, ಮೈದಾನಕ್ಕೆ ಬೇಲಿ ಹಾಕ್ಸಿದ್ರಂತಲ್ಲ?” ಎಂದು ಕೇಳಬಹುದಾಗಿತ್ತು, ವಿಧಾನಸೌಧದ ನೆರಳಿನ ಕಚೇರಿಯಲ್ಲಿ ಆಗಾಗ ಬದಲಾಗುವ ಅಧಿಕಾರಿಯನ್ನು ಹಾಗೆ ಕೇಳುವ ಎದೆಗಾರಿಕೆ ಸಾಮಾನ್ಯನಿಗೆಲ್ಲಿಯದು?

ಹೊಸದಾಗಿ ಹುಟ್ಟಿರುವ ಪಾಲಿಕೆಗಳಿಂದ ನಾನು ಕೋರುವುದು ಹೆಚ್ಚೇನಲ್ಲ. ಬಯಲಿಗೆ ದರ ಕಟ್ಟುವ ಅಥವಾ ಅದರ ಉಪಯೋಗವನ್ನು ಬದಲಿಸುವ ಪ್ರತಿಯೊಂದು ಪ್ರಸ್ತಾವನೆಯನ್ನೂ ಮೊದಲು ಅದೇ ಬಯಲಿನಲ್ಲಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ, ತಿಂಗಳ ಕಾಲ ಫಲಕದ ಮೇಲೆ ಬರೆದಿಡಲಿ. ಒಂದು ಭಾನುವಾರ ಬೆಳಗ್ಗೆ ವಾರ್ಡು ಸಮಿತಿಯು ಅಲ್ಲಿಯೇ ನೆರೆದು ಬಂದವರ ಮಾತನ್ನು ಕೇಳಿ ದಾಖಲಿಸಲಿ. ದೀಪ ಹೊತ್ತಿಸಿ ಆಡುವ ರಾತ್ರಿಯ ಹೊತ್ತಿಗೆ ಬೇಕಾದರೆ ಹಣ ಪಡೆಯಲಿ, ಶಾಲೆ ಬಿಟ್ಟಾಗಿನಿಂದ ಕತ್ತಲಾಗುವವರೆಗಿನ ಹೊತ್ತನ್ನು ಮಕ್ಕಳಿಗೆ ಬಿಡಲಿ.

ನಮ್ಮ ಬಯಲಿನ ಫಲಕವನ್ನು ಮೊನ್ನೆ ಮತ್ತೊಮ್ಮೆ ನಿಂತು ಓದಿದೆ. ದರವಿದೆ, ವೇಳೆಯಿದೆ, ಮೊಳೆಯ ಷೂ ಹಾಕಿ ಬರಕೂಡದೆಂಬ ಎಚ್ಚರಿಕೆಯಿದೆ, ಗುತ್ತಿಗೆದಾರನ ಫೋನ್ ನಂಬರಿದೆ; ಯಾವ ಸಭೆಯ ಎಷ್ಟನೆಯ ನಿರ್ಣಯದಿಂದ ಈ ಬೇಲಿ ಎದ್ದಿತೆಂಬುದಿಲ್ಲ. ಅದನ್ನು ತಿಳಿಸಬೇಕೆಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟು ಬಂದೆ. ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಹಿಂದಿರುಗುವಾಗ ಆ ಹುಡುಗರು ನಮ್ಮ ಅಡ್ಡರಸ್ತೆಯಲ್ಲಿ, ನಿಲ್ಲಿಸಿದ್ದ ಎರಡು ಕಾರುಗಳ ನಡುವೆ ಕಲ್ಲು ಜೋಡಿಸಿ ವಿಕೆಟ್ ಮಾಡಿಕೊಂಡು ಆಡುತ್ತಿದ್ದರು. ತಿರುವಿನಲ್ಲಿ ಎಲ್ಲರಿಗಿಂತ ಚಿಕ್ಕವನನ್ನು ನಿಲ್ಲಿಸಿದ್ದರು; ಅವನು “ಗಾಡೀ!” ಎಂದು ಕೂಗಿದೊಡನೆ ಎಲ್ಲರೂ ಗೋಡೆಗೊರಗಿ ನಿಲ್ಲುತ್ತಿದ್ದರು.