ಗಣಿ ಮುಗಿದ ಮೇಲೆ ಗ್ರಹದ ಗತಿಯೇನು?

‘ಸ್ಟೆಲ್ಲಾರಿಸ್’ ಆಡಲು ಶುರು ಮಾಡಿದವರಿಗೆ ಹಳೆಯ ಆಟಗಾರರೆಲ್ಲ ಹೇಳುವ ಬುದ್ಧಿಮಾತು ಒಂದೇ: ಒಂದು ಗ್ರಹಕ್ಕೆ ಒಂದೇ ಕೆಲಸ ಕೊಡು. ಅದಿರು ಹೆಚ್ಚಿರುವ ಗ್ರಹದಲ್ಲಿ ಬರೀ ಗಣಿ, ಮಣ್ಣು ಚೆನ್ನಾಗಿರುವ ಗ್ರಹದಲ್ಲಿ ಬರೀ ಬೇಸಾಯ, ಮತ್ತೊಂದರಲ್ಲಿ ಬರೀ ಸಂಶೋಧನೆ. ಲೆಕ್ಕ ಹಾಕಿ ನೋಡಿದರೆ ಮಾತು ಸರಿ. ಹಾಗೆ ಆಡಿದವರೇ ಬೇಗ ಬಲಿಯುತ್ತಾರೆ. ಆದರೂ ಈ ಬುದ್ಧಿಮಾತಿನ ಬಗ್ಗೆ ನನಗೊಂದು ತಕರಾರಿದೆ. ಅಸಲಿಗೆ ತಕರಾರು ಆಟಗಾರರ ಮೇಲಲ್ಲ, ಆಟದ ಮೇಲೆ.

ಆಡದವರಿಗಾಗಿ ಎರಡು ಮಾತು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2016ರಲ್ಲಿ ಹೊರತಂದ ಆಟ ಇದು. ಕಥೆ ಶುರುವಾಗುವುದು 2200ನೇ ಇಸವಿಯಲ್ಲಿ. ನಿಮ್ಮ ಕೈಯಲ್ಲಿ ಮೊದಲಿಗೆ ಒಂದೇ ಒಂದು ಗ್ರಹ. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಕಳಿಸಿ, ವಾಸಕ್ಕೆ ಯೋಗ್ಯವಾದ ಗ್ರಹ ಹುಡುಕಿ, ಅಲ್ಲಿ ಜನರನ್ನು ನೆಲೆಗೊಳಿಸಬೇಕು. ಆಮೇಲೆ ಪ್ರತಿ ಗ್ರಹದಲ್ಲೂ ಮನೆ ಸಾಕಷ್ಟಿದೆಯೇ, ಉದ್ಯೋಗ ಇದೆಯೇ, ಜನ ನೆಮ್ಮದಿಯಿಂದಿದ್ದಾರೆಯೇ ಎಂದು ನೋಡುತ್ತಿರಬೇಕು. ಜನ ಬೇಸತ್ತರೆ ಗ್ರಹದ ಸ್ಥಿರತೆ ಕುಸಿಯುತ್ತದೆ, ಉತ್ಪಾದನೆ ಇಳಿಯುತ್ತದೆ, ಕೊನೆಗೆ ದಂಗೆಯೇ ಏಳಬಹುದು. ಗ್ರಹಕ್ಕೆ ‘ಗಣಿ ಗ್ರಹ’, ‘ಕೃಷಿ ಗ್ರಹ’ ಎಂದು ಹಣೆಪಟ್ಟಿ ಹಚ್ಚಿದರೆ ಆಟವೇ ಆ ಕೆಲಸಕ್ಕೆ ಒಂದಿಷ್ಟು ಹೆಚ್ಚುವರಿ ಲಾಭ ಕೊಡುತ್ತದೆ. ಅಂದರೆ ‘ಒಂದು ಗ್ರಹ, ಒಂದು ಕೆಲಸ’ ಎನ್ನುವುದು ಆಟಗಾರರ ಜಾಣತನ ಮಾತ್ರವಲ್ಲ, ಆಟದ ನಿಯಮವೇ ಅತ್ತ ತಳ್ಳುತ್ತದೆ.

ಇಷ್ಟೆಲ್ಲ ಲೆಕ್ಕ ಇಡುವ ಆಟ ಒಂದೇ ಒಂದು ಲೆಕ್ಕ ಬಿಟ್ಟಿದೆ. ಗಣಿ ಗ್ರಹದ ಅದಿರು ಎಂದೂ ಮುಗಿಯುವುದಿಲ್ಲ! 2205ರಲ್ಲಿ ತೆರೆದ ಗಣಿ 2400ರಲ್ಲೂ ಅದೇ ಹುಮ್ಮಸ್ಸಿನಿಂದ ಅದಿರು ಕೊಡುತ್ತಿರುತ್ತದೆ.

ನಾನು ಕೆಜಿಎಫ್‌ನವನು. ನಮ್ಮ ತಾತ ಗಣಿಗೆ ಇಳಿದು ದುಡಿದವರು. ಒಂದೇ ಕೆಲಸ ಹಚ್ಚಿದ ಊರು ಹೇಗಿರುತ್ತದೆ, ಆ ಕೆಲಸ ನಿಂತ ಮೇಲೆ ಏನಾಗುತ್ತದೆ ಎಂಬುದು ನಮಗೆ ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯಲ್ಲ. 1880ರ ದಶಕದಲ್ಲಿ ಬ್ರಿಟಿಷ್ ಕಂಪನಿಯೊಂದು ಇಲ್ಲಿ ದೊಡ್ಡ ಪ್ರಮಾಣದಲ್ಲಿ ಚಿನ್ನ ತೆಗೆಯಲು ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು, ಬೆಂಗಳೂರಿನ ಬೀದಿಗಳಿಗಿಂತ ಮೊದಲೇ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು, ಸಿಗುವ ಚಿನ್ನ ಕಡಿಮೆಯಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಊರು ಮಾತ್ರ ಮುಚ್ಚಲಿಲ್ಲ. ಊರನ್ನು ಮುಚ್ಚಲು ಬರುವುದಿಲ್ಲವಲ್ಲ! ಸೈನೈಡ್ ಗುಡ್ಡಗಳು ಹಾಗೇ ನಿಂತಿವೆ. ಬೆಳಗಾದರೆ ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮಲಗಲು ಊರಿಗೆ ಬರುತ್ತಾರೆ.

‘ಆಟವನ್ನು ಆಟದಂತೆ ನೋಡಪ್ಪ, ಅದರಲ್ಲಿ ಕೆಜಿಎಫ್ ಯಾಕೆ ಹುಡುಕುತ್ತೀಯ?’ ಎಂದು ಗೆಳೆಯರು ಕೇಳುತ್ತಾರೆ. ಚೌಕಾಬಾರದಲ್ಲಿ ನಾನು ಇದನ್ನೆಲ್ಲ ಹುಡುಕುವುದಿಲ್ಲ. ಆದರೆ ಈ ಆಟ ತಾನಾಗಿಯೇ ಜನರ ಉದ್ಯೋಗ, ಮನೆ, ಸಂತೋಷ ಎಲ್ಲವನ್ನೂ ಅಂಕಿಯಲ್ಲಿ ಅಳೆದು ತೋರಿಸುತ್ತದೆ. ಅಳೆಯಲು ಹೊರಟ ಮೇಲೆ, ಯಾಕೆ ಇದನ್ನು ಅಳೆದಿಲ್ಲ ಎಂದು ಕೇಳುವ ಹಕ್ಕು ಆಡುವವರಿಗೆ ಇದೆ.

ಇದು ಸ್ಟೆಲ್ಲಾರಿಸ್ ಒಂದರ ಕಥೆಯಲ್ಲ. 1993ರ ‘ಮಾಸ್ಟರ್ ಆಫ್ ಓರಿಯನ್’ ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ ಇದ್ದಂತೆ. ಅದರಲ್ಲಿ ಪ್ರತಿ ಗ್ರಹದ ದುಡಿಮೆಯನ್ನು ಹಡಗು, ರಕ್ಷಣೆ, ಕೈಗಾರಿಕೆ, ಪರಿಸರ, ತಂತ್ರಜ್ಞಾನ ಎಂದು ಐದು ಬಾಬತ್ತಿಗೆ ಹಂಚಬೇಕು. ಪರಿಸರದ ಪಾಲು ಕಡಿಮೆ ಮಾಡಿದರೆ ಕಾರ್ಖಾನೆಯ ಕೊಳೆ ಗ್ರಹದಲ್ಲೇ ಉಳಿದು ಜನರಿಗೆ ಏಟು ಬೀಳುತ್ತದೆ. ಮೂವತ್ತು ವರ್ಷದ ಹಿಂದಿನ ಆಟ ಕೊಳೆ ತೊಳೆಯುವ ಖರ್ಚನ್ನು ಆಟಗಾರನ ತಲೆಗೇ ಕಟ್ಟಿತ್ತು ಎಂಬುದು ಮೆಚ್ಚಬೇಕಾದ ಮಾತು. ಆದರೆ ಅಲ್ಲೂ ಅದಿರು ಮುಗಿಯುವುದಿಲ್ಲ. ಇನ್ನು 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಅದಿರೇನೋ ಮುಗಿಯುತ್ತದೆ. ಆದರೆ ಅಲ್ಲಿ ಇರುವುದು ಊರಲ್ಲ, ಬಿಡಾರ. ಬರಿದಾದರೆ ಪಕ್ಕದ ಜಾಗದಲ್ಲಿ ಇನ್ನೊಂದು ಬಿಡಾರ ಹೂಡಿದರಾಯಿತು. ಒಂದರಲ್ಲಿ ಜನರಿದ್ದಾರೆ, ಅದಿರು ಮುಗಿಯುವುದಿಲ್ಲ. ಇನ್ನೊಂದರಲ್ಲಿ ಅದಿರು ಮುಗಿಯುತ್ತದೆ, ಜನರಿಲ್ಲ. ಎರಡೂ ಒಟ್ಟಿಗೆ ಇರುವ ಜಾಗದಲ್ಲೇ ಅಲ್ಲವೇ ನಿಜವಾದ ಕಷ್ಟ ಇರುವುದು?

ಇದಕ್ಕೊಂದು ನ್ಯಾಯವಾದ ಉತ್ತರವೂ ಇದೆ. ನಲವತ್ತು ಗ್ರಹ ಕೈಗೆ ಬಂದ ಮೇಲೆ ಒಂದೊಂದನ್ನೂ ತೆರೆದು ನೋಡುವುದೇ ದೊಡ್ಡ ಬೇಸರದ ಕೆಲಸ. ಅದಕ್ಕೇ ಗ್ರಹಗಳನ್ನು ಕಂಪ್ಯೂಟರಿಗೇ ಒಪ್ಪಿಸುವ ಸೌಲಭ್ಯವನ್ನೂ ಆಟದಲ್ಲಿ ಇಟ್ಟಿದ್ದಾರೆ. ಅದರ ಮೇಲೆ ಗಣಿ ಬರಿದಾಗುವ ತಲೆನೋವೂ ಸೇರಿದರೆ ಆಡುವವರು ಯಾರು?

ನನಗನ್ನಿಸುವುದು ಇದರ ತದ್ವಿರುದ್ಧ. ಈ ಆಟ ಬೇಸರ ತರಿಸುವುದು ಕೆಲಸ ಹೆಚ್ಚಾಗಿ ಅಲ್ಲ, ಯೋಚಿಸುವುದಕ್ಕೆ ಏನೂ ಉಳಿಯದೆ. ಮೊದಲ ಐವತ್ತು ವರ್ಷ ಪ್ರತಿ ಹೆಜ್ಜೆಯೂ ಲೆಕ್ಕಾಚಾರ. ನೂರೈವತ್ತು ದಾಟಿದ ಮೇಲೆ ಎಲ್ಲ ಗ್ರಹಗಳೂ ತಮ್ಮ ಪಾಡಿಗೆ ತಾವು ದುಡಿಯುತ್ತಿರುತ್ತವೆ, ಆಟಗಾರ ಆಕಳಿಸುತ್ತಿರುತ್ತಾನೆ. ಅಂಥ ಹೊತ್ತಿನಲ್ಲಿ ‘ಈ ಗ್ರಹದ ಅದಿರು ಇನ್ನು ಇಪ್ಪತ್ತೇ ವರ್ಷ’ ಎಂಬ ಸುದ್ದಿ ಬಂದರೆ? ಜನರನ್ನು ಎಬ್ಬಿಸಿ ಬೇರೆ ಗ್ರಹಕ್ಕೆ ಸಾಗಿಸುವುದೋ, ಅಲ್ಲೇ ಹೊಸ ಕೆಲಸ ಹುಟ್ಟಿಸುವುದೋ, ಕಂಡೂ ಕಾಣದಂತೆ ಇರುವುದೋ? ಮೂರಕ್ಕೂ ಬೆಲೆ ತೆರಬೇಕು. ಕೆಜಿಎಫ್‌ನಲ್ಲಿ ಗಣಿ ನಡೆದದ್ದು ಸುಮಾರು 120 ವರ್ಷ. ಇನ್ನೂರು ವರ್ಷ ನಡೆಯುವ ಆಟದಲ್ಲಿ ಅಷ್ಟು ಆಯುಷ್ಯದ ಗಣಿಗೆ ಜಾಗ ಖಂಡಿತ ಇದೆ.

ಆಟ ಬದಲಾಗುವವರೆಗೆ ಕಾಯಬೇಕಿಲ್ಲ. ನಾನು ಪಾಲಿಸುವ ನಿಯಮ ಒಂದಿದೆ. ಯಾವ ಗ್ರಹವೂ ಒಂದೇ ಕಸುಬಿನ ಮೇಲೆ ನಿಲ್ಲಬಾರದು. ಗಣಿ ಗ್ರಹವಾದರೆ ಅಲ್ಲೊಂದು ಸಂಶೋಧನಾಲಯ, ಒಂದಿಷ್ಟು ಹೊಲ ಇರಲೇಬೇಕು. ಇದರಿಂದ ಹೆಚ್ಚುವರಿ ಲಾಭದ ಒಂದು ಪಾಲು ಕೈಬಿಡುತ್ತದೆ, ಪಕ್ಕದ ಸಾಮ್ರಾಜ್ಯ ನನಗಿಂತ ಸ್ವಲ್ಪ ಮುಂದೆ ಹೋಗುತ್ತದೆ. ಹೋಗಲಿ. ಯುದ್ಧದಲ್ಲಿ ಒಂದು ಗ್ರಹ ಕೈತಪ್ಪಿದಾಗ ನನ್ನ ಉಳಿದ ಗ್ರಹಗಳು ಉಪವಾಸ ಬೀಳುವುದಿಲ್ಲ.

ನಮ್ಮ ಓರಗೆಯ ಎಷ್ಟೋ ಮಂದಿ ನಾಳೆ ಯೋಜನೆ ಹಾಕುವ ಕುರ್ಚಿಯಲ್ಲಿ ಕೂರುವವರು. ಎಲ್ಲಿ ಕಾರ್ಖಾನೆ, ಎಲ್ಲಿ ಗಣಿ ಎಂದು ನಕ್ಷೆಯ ಮೇಲೆ ಗುರುತು ಹಾಕುವವರು. ಮೇಲಿನಿಂದ ನೋಡುವವರಿಗೆ ಗ್ರಹ ಅಂದರೆ ತಿಂಗಳಿಗೆ ಇಷ್ಟು ಅದಿರು ಎಂಬ ಒಂದು ಅಂಕಿ. ಅಲ್ಲಿ ಹುಟ್ಟಿದವರಿಗೆ ಅದೇ ಊರು. ಮುಂದಿನ ಸಲ ಆಡುವಾಗ ಗಣಿ ತೆರೆಯುವ ಗುಂಡಿ ಒತ್ತುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮುಗಿದ ಮರುದಿನ ಇಲ್ಲಿನ ಜನ ಏನು ಮಾಡುತ್ತಾರೆ? ಉತ್ತರ ಹೊಳೆದ ಮೇಲೆ ಒತ್ತಿ.