ಸಂತೆಯಲ್ಲಿ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹೈಸ್ಕೂಲಿನಲ್ಲಿ ಅದನ್ನು ಒಂದು ಪುಟಕ್ಕೆ ವಿಸ್ತರಿಸಿ ಬರೆದು ಒಳ್ಳೆಯ ಅಂಕಗಳನ್ನು ಪಡೆದವರಲ್ಲಿ ನಾನೂ ಒಬ್ಬ. ಈಗ ಆ ಅಂಕಗಳನ್ನು ಹಿಂದಕ್ಕೆ ಕೊಟ್ಟುಬಿಡುವುದೇ ನ್ಯಾಯವೆಂದು ತೋರುತ್ತದೆ. ಏಕೆಂದರೆ ಸಂತೆಯಲ್ಲಿ ನಿದ್ದೆಹೋಗುವ ಒಬ್ಬರನ್ನು ಐದು ವರ್ಷಗಳಿಂದ ಹತ್ತಿರದಲ್ಲೇ ನೋಡುತ್ತಿದ್ದೇನೆ. ಅವರಷ್ಟು ಚಿಂತೆಯುಳ್ಳವರನ್ನು ಮಾತ್ರ ನಾನು ಬೇರೆಲ್ಲಿಯೂ ಕಂಡಿಲ್ಲ. ಅವರು ನನ್ನ ತಂದೆಯವರು.

ನಮ್ಮ ಊರು ಶಿಡ್ಲಘಟ್ಟ. ನಮ್ಮ ಮನೆಯವರ ಕಸುಬು ರೇಷ್ಮೆಯ ನೂಲು ಬಿಚ್ಚುವುದು. ಬಿಸಿನೀರಿನಲ್ಲಿ ಬೆಂದ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣುವಷ್ಟೂ ದಪ್ಪವಿಲ್ಲದ ಎಳೆಯ ತುದಿಯನ್ನು ಹಿಡಿದು ರಾಟೆಗೆ ಕೊಡಬೇಕು. ಐದು ವರ್ಷದ ಕೆಳಗೆ ತಂದೆಯವರ ಬಲಗೈ ಆ ತುದಿಯನ್ನು ಹಿಡಿಯಲಾರದೆ ಹೋಯಿತು. ಕೈ ನಡುಗಿತು, ಅಕ್ಷರ ಸಣ್ಣದಾಯಿತು, ನಡಿಗೆ ಗಿಡ್ಡವಾಯಿತು. ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎಂದರು. ನಮ್ಮ ಕಡೆಯವರು ಕಂಪವಾತ ಎನ್ನುತ್ತಾರೆ.

ಹೆಸರಿನಲ್ಲಿಯೇ ಕಂಪನವಿರುವುದರಿಂದ ನೋಡಲು ಬಂದವರೆಲ್ಲರೂ ಮೊದಲು ಕೈಯನ್ನೇ ನೋಡುತ್ತಾರೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು 1817ರಲ್ಲಿ ಆರು ಮಂದಿ ರೋಗಿಗಳನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದರು. ರೋಗಕ್ಕೆ ಅವರ ಹೆಸರು ಬಂದದ್ದು ಅದರಿಂದ. ಈ ಜನರ ನಿದ್ದೆ ಕೆಡುತ್ತದೆಂಬುದನ್ನು ಅವರು ಆಗಲೇ ಗುರುತಿಸಿದ್ದರು. ಇನ್ನೂರು ವರ್ಷ ಕಳೆದರೂ ನಾವು ಮಾತ್ರ ಕೈ ನೋಡುವುದನ್ನು ಬಿಟ್ಟಿಲ್ಲ. ನಡುಮಿದುಳಿನಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಭಾಗವಿದೆ. ಡೋಪಮೈನ್ ಎಂಬ ರಸವನ್ನು ಮಾಡುವ ಅಲ್ಲಿನ ಜೀವಕೋಶಗಳು ಒಂದೊಂದಾಗಿ ಸಾಯುವುದರಿಂದ ಅಂಗಾಂಗಗಳ ಚಲನೆ ಕೆಡುತ್ತದೆ. ಆದರೆ ರೋಗವು ಅಷ್ಟಕ್ಕೇ ನಿಲ್ಲುವುದಿಲ್ಲ. ನಿದ್ದೆ ಎಚ್ಚರಗಳನ್ನು ನಡೆಸುವ ಭಾಗಗಳನ್ನೂ ಮುಟ್ಟುತ್ತದೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವಿಪರೀತ ಬಳಲಿಕೆಯೂ ಇರುತ್ತದೆ. ನಡುಕವನ್ನಾದರೂ ತಡೆದೇನು, ಈ ಸುಸ್ತನ್ನು ತಡೆಯಲಾರೆ ಎಂದು ನನ್ನ ತಂದೆಯವರು ಎಷ್ಟೋ ಸಲ ಹೇಳಿದ್ದಾರೆ.

ಅವರ ಒಂದು ರಾತ್ರಿಯನ್ನು ಹೇಳುತ್ತೇನೆ. ಲೆವೊಡೋಪಾ ಎಂಬ ಗುಳಿಗೆಯ ಬಲ ಕೆಲವೇ ಗಂಟೆಗಳದು. ಎಂಟಕ್ಕೆ ನುಂಗಿದ್ದು ನಡುರಾತ್ರಿಯ ಹೊತ್ತಿಗೆ ಇಳಿದುಹೋಗುತ್ತದೆ. ಆಮೇಲೆ ಮೈ ಕೊರಡಿನಂತೆ. ಮಗ್ಗುಲು ಬದಲಾಯಿಸುವುದು ನಮಗೆ ಒಂದು ಕೆಲಸವೇ ಅಲ್ಲ, ನಿದ್ದೆಯಲ್ಲಿಯೇ ಮಾಡಿಬಿಡುತ್ತೇವೆ. ಅವರು ಅದಕ್ಕಾಗಿ ತಾಯಿಯನ್ನು ಕೂಗಬೇಕು. ಮೂರು ಸಲ ಮೂತ್ರಕ್ಕೆಂದು ಏಳಬೇಕು. ಪ್ರತಿ ಸಲವೂ ಇಬ್ಬರೂ ಏಳಬೇಕು. ಕಾಲುಗಳಲ್ಲಿ ಇರುವೆ ಹರಿದಂತಾಗುತ್ತದೆ.

ಇದಕ್ಕಿಂತ ದೊಡ್ಡದು ಕನಸಿನ ಕಾಟ. ನಾವು ಕನಸು ಕಾಣುವ ಹೊತ್ತಿನಲ್ಲಿ ಮಿದುಳು ನಮ್ಮ ಕೈಕಾಲುಗಳನ್ನು ಕಟ್ಟಿಹಾಕಿರುತ್ತದಂತೆ. ಉಸಿರು ಆಡುತ್ತದೆ, ಕಣ್ಣುಗುಡ್ಡೆ ಆಡುತ್ತದೆ, ಮಿಕ್ಕದ್ದು ಆಡದು. ಕನಸಿನಲ್ಲಿ ಓಡಿದವನು ಹಾಸಿಗೆಯಲ್ಲೇ ಉಳಿಯುವುದು ಈ ಕಟ್ಟಿನಿಂದ. ಕೆಲವರಲ್ಲಿ ಆ ಕಟ್ಟು ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಮಿನೆಸೋಟದ ವೈದ್ಯರು 1986ರಲ್ಲಿ ಇದೊಂದು ಬೇರೆಯೇ ಆದ ತೊಂದರೆಯೆಂದು ವರ್ಣಿಸಿದರು. ಕಂಪವಾತದವರಲ್ಲಿ ಇದು ಬಹಳ. ಕೆಲವೊಮ್ಮೆ ಕೈನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ತೋರುತ್ತದೆ. ಇದನ್ನು ವೈದ್ಯರಿಂದ ಕೇಳಿದಾಗ ತಾಯಿಗೆ ನೆನಪಾಯಿತು: ನಾನು ಚಿಕ್ಕವನಾಗಿದ್ದಾಗಲೇ ತಂದೆಯವರು ನಿದ್ದೆಯಲ್ಲಿ ಅರಚಿ ಗೋಡೆಗೆ ಗುದ್ದುತ್ತಿದ್ದರು. ಆಗ ತಾಯತ ಕಟ್ಟಿಸಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ತಾಯಿಯ ತುಟಿ ಊದಿಕೊಂಡಿತ್ತು. ಕನಸಿನಲ್ಲಿ ಯಾರೋ ಗೂಡಿನ ಚೀಲ ಕದಿಯಲು ಬಂದರೆಂದು ತಂದೆಯವರು ಹೊಡೆದಿದ್ದರು. ಏಟು ಬಿದ್ದದ್ದು ಪಕ್ಕದಲ್ಲಿ ಮಲಗಿದ್ದವಳಿಗೆ. ನಲ್ಲಿಯ ಬಳಿ ಕೇಳಿದವರಿಗೆ ತಾಯಿ ಬಾಗಿಲು ತಗಲಿತೆಂದಳು, ಯಾರೂ ನಂಬಲಿಲ್ಲ. ಯಾರ ಮೇಲೂ ಕೈಯೆತ್ತದ ಮನುಷ್ಯ ಅಂದು ಕಾಫಿ ಮುಟ್ಟದೆ ಜಗಲಿಯ ಮೇಲೆ ಕುಳಿತೇ ಇದ್ದರು. ಅಂದಿನಿಂದ ಅವರು ನಿದ್ದೆ ಬಂದರೂ ನಿದ್ದೆ ಮಾಡದಿರಲು ಶುರುಮಾಡಿದರು. ಗೋಡೆಗೆ ಒರಗಿ, ಕಣ್ಣು ಮುಚ್ಚಿದರೆ ತಾವೇ ಚಿವುಟಿಕೊಂಡು ಬೆಳಗು ಮಾಡುತ್ತಿದ್ದರು. ಹೀಗೆ ಕಳೆದ ಒಂದು ರಾತ್ರಿಯ ಮರುದಿನ ಗೂಡಿನ ಮಾರುಕಟ್ಟೆಯಲ್ಲಿ, ಹರಾಜಿನ ಗದ್ದಲದ ನಡುವೆ, ಚೀಲಕ್ಕೆ ತಲೆಯಿಟ್ಟು ಮಲಗಿಬಿಟ್ಟರು. ಊರಿನ ಹಿರಿಯರೊಬ್ಬರು ಅದನ್ನು ಕಂಡು ನಗುತ್ತಾ ಆ ಗಾದೆಯನ್ನು ಹೇಳಿದರು. ನಾನು ಪಕ್ಕದಲ್ಲಿದ್ದೆ.

ಹಿರಿಯರನ್ನು ದೂರುವ ಹಕ್ಕು ನನಗಿಲ್ಲ. ಏಕೆಂದರೆ ಮನೆಯಲ್ಲಿ ನಾನೂ ಅದನ್ನೇ ಬೇರೆ ಮಾತಿನಲ್ಲಿ ಆಡಿದ್ದೆ. ದುಡಿಯುವವರ ಮನೆಯಲ್ಲಿ ದಣಿವು ಕೂಲಿಯಂತೆ. ಸಂಪಾದಿಸಿದವನಿಗೆ ಮಾತ್ರ ಅದರ ಮೇಲೆ ಅಧಿಕಾರ. ಇಡೀ ದಿನ ರಾಟೆಯ ಮುಂದೆ ನಿಂತು ಬಂದವನು ಸುಸ್ತೆಂದರೆ ನೀರು ಕೊಡುತ್ತೇವೆ. ಜಗಲಿಯ ಮೇಲೆ ಕುಳಿತವನು ಸುಸ್ತೆಂದರೆ ಕೇಳುವ ಪ್ರಶ್ನೆ ಒಂದೇ: ‘ಏನು ಕಡಿದುಹಾಕಿದ್ದೀಯೆಂದು ಸುಸ್ತು?’ ಆ ಪ್ರಶ್ನೆಯನ್ನು ನಾನು ಕೇಳಿದ್ದೇನೆ. ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು, ವೈದ್ಯರ ಚೀಟಿಯನ್ನು ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ, ಕೇಳಿದವನೂ ನಾನೇ. ದಣಿವಿಗೂ ಬಳಲಿಕೆಗೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಪದಗಳಿವೆ. ದಣಿವು ಮಲಗಿದರೆ ಹೋಗುತ್ತದೆ. ಈ ಬಳಲಿಕೆ ಮಲಗಿದರೂ ಹೋಗುವುದಿಲ್ಲ. ಅದಕ್ಕೆ ಕೆಲಸವೇ ಕಾರಣವಾಗಬೇಕೆಂದಿಲ್ಲ. ಮಿದುಳಿನಿಂದಲೇ ಹುಟ್ಟುತ್ತದೆ.

ಇಂಥವರನ್ನು ಕಂಡಾಗ ‘ಕೈ ಹೇಗಿದೆ?’ ಎಂದು ಕೇಳುವ ಮೊದಲು ‘ರಾತ್ರಿ ಹೇಗೆ ಕಳೆಯಿತು?’ ಎಂದು ಕೇಳಬೇಕೆಂಬುದೇ ನನ್ನ ವಾದ. ನಂಟರೂ ಕೇಳಬೇಕು, ವೈದ್ಯರೂ ಕೇಳಬೇಕು, ಸರ್ಕಾರವೂ ಕೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಒಂದು. ಪ್ರಮಾಣಪತ್ರಕ್ಕೆಂದು ಹೋದ ದಿನ ತಂದೆಯವರನ್ನು ಹತ್ತು ಹೆಜ್ಜೆ ನಡೆಸಿ ನೋಡಿದರು, ಬೆರಳು ಆಡಿಸಲು ಹೇಳಿದರು. ಗುಳಿಗೆಯ ಬಲವಿದ್ದ ಹೊತ್ತು, ಚೆನ್ನಾಗಿಯೇ ನಡೆದರು. ರಾತ್ರಿಯ ವಿಷಯವನ್ನು ಯಾರೂ ಎತ್ತಲಿಲ್ಲ. ನಾವೂ ಹೇಳಲಿಲ್ಲ, ಹೇಳುವಂಥದ್ದೆಂದು ಗೊತ್ತಿರಲಿಲ್ಲ.

ಗೊತ್ತಾದ ಮೇಲೆ ನಾನು ಒಂದು ನೋಟುಪುಸ್ತಕವಿಟ್ಟೆ. ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಸಲ ಎದ್ದರು, ಯಾವಾಗ ಕೂಗಿದರು, ಹಗಲು ಎಲ್ಲಿ ಕಣ್ಣುಮುಚ್ಚಿದರು ಎಂದು ಹದಿನೈದು ದಿನ ಬರೆದೆ. ನಾಲ್ಕು ವರ್ಷ ನಾವು ಬಾಯಲ್ಲಿ ಹೇಳಿ ಆಗದ ಕೆಲಸವನ್ನು ಆ ಪುಸ್ತಕ ಮಾಡಿತು. ವೈದ್ಯರು ಅದನ್ನು ಪೂರ್ತಿ ಓದಿದರು. ಹಗಲು ಹಠಾತ್ತನೆ ನಿದ್ದೆ ಬರಿಸಬಲ್ಲ ಇನ್ನೊಂದು ಗುಳಿಗೆಯನ್ನು ಕಡಿಮೆ ಮಾಡಿದರು, ರಾತ್ರಿಗೆ ನಿಧಾನವಾಗಿ ಕರಗುವ ಬಗೆಯದನ್ನು ಬರೆದುಕೊಟ್ಟರು, ಕನಸಿನ ಕಾಟಕ್ಕೂ ಒಂದು ಔಷಧ ಕೊಟ್ಟರು. ಬೇಳೆಯ ಸಾರಿನೊಂದಿಗೇ ಲೆವೊಡೋಪಾ ನುಂಗಬಾರದು, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು ಎಂದರು. ಬೇಳೆಯಲ್ಲಿನ ಪ್ರೋಟೀನು ಅದು ರಕ್ತಕ್ಕೆ ಸೇರುವುದಕ್ಕೆ ಅಡ್ಡಬರುತ್ತದೆ. ಪಕ್ಕದ ಮನೆಯವರು ನಸುಗುನ್ನಿಯ ಪುಡಿ ತಂದುಕೊಟ್ಟಿದ್ದರು. ಅದರಲ್ಲಿರುವುದೂ ಲೆವೊಡೋಪಾವೇ ಎಂದು ಕೇಳಿ ನಾನು ಬೆರಗಾದೆ. ಆದರೆ ಯಾವ ಚಮಚದಲ್ಲಿ ಎಷ್ಟಿದೆಯೆಂದು ಹೇಳಲಾಗದು, ಗುಳಿಗೆಯ ಜತೆ ಬೇಡವೆಂದರು.

ಉಳಿದದ್ದು ಮನೆಯ ಉಪಾಯ. ಬೆಳಗಿನ ಬಿಸಿಲಿನಲ್ಲಿ ನಡಿಗೆ. ಮಧ್ಯಾಹ್ನ ಅರ್ಧ ಗಂಟೆ ಮಾತ್ರ ನಿದ್ದೆ, ಅದೂ ಮೂರರ ಒಳಗೆ. ಸಂಜೆಯ ಕಾಫಿ ಬಂದ್. ದಿನಕ್ಕೆ ಒಂದೇ ದೊಡ್ಡ ಕೆಲಸ: ಸ್ನಾನವಿದ್ದ ದಿನ ಕ್ಷೌರವಿಲ್ಲ. ತಾಯಿಯ ಹಾಸಿಗೆ ಬೇರೆ ಆಯಿತು, ಮಂಚದ ಪಕ್ಕದಲ್ಲಿದ್ದ ಒರಳುಕಲ್ಲು ಹೊರಗೆ ಹೋಯಿತು.

ಮಗ್ಗುಲು ಬದಲಾಯಿಸುವುದೊಂದು ಉಳಿಯಿತು. ಹಾಸಿಗೆಯ ನಡುವೆ, ಸೊಂಟ ಬರುವಲ್ಲಿ, ಜಾರುವ ಬಟ್ಟೆಯನ್ನು ಅಡ್ಡ ಹಾಸಿದರೆ ಸುಲಭವೆಂದೂ, ಹಿಮ್ಮಡಿ ಊರಲು ಕಾಲ ಕಡೆ ಮಾತ್ರ ಹತ್ತಿಯದೇ ಇರಬೇಕೆಂದೂ ಕೇಳಿದೆವು. ಜಾರುವ ಬಟ್ಟೆಯೆಂದರೆ ರೇಷ್ಮೆ. ಇಪ್ಪತ್ತೈದು ವರ್ಷ ರೇಷ್ಮೆ ಬಿಚ್ಚಿದವರ ಮನೆಯಲ್ಲಿ ಇದ್ದ ರೇಷ್ಮೆ ಒಂದೇ, ತಾಯಿಯ ಧಾರೆಯ ಸೀರೆ. ತಂದೆಯವರು ಬೇಡವೇ ಬೇಡವೆಂದರು. ತಾಯಿ ಕೇಳಲಿಲ್ಲ, ಜರಿ ಚುಚ್ಚದಂತೆ ಅಂಚನ್ನು ಒಳಕ್ಕೆ ಮಡಿಚಿ, ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದಳು. ‘ಮದುವೆಯಾದ ಮೇಲೆ ಎರಡೇ ಸಲ ಉಟ್ಟಿದ್ದೆ, ಈಗ ದಿನವೂ ಉಪಯೋಗಕ್ಕೆ ಬಂತು’ ಎಂದು ನಕ್ಕಳು.

ಮೂರನೆಯ ರಾತ್ರಿಯ ಎದುರಿಗೆ ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ಒಂದೂವರೆಗೆ ತಾವೇ ಹೊರಳಿದರು, ಯಾರನ್ನೂ ಕೂಗಲಿಲ್ಲ. ತಾಯಿ ಐದರವರೆಗೆ ಮಲಗಿದ್ದಳು.